ಬಲದವಡೆಯ ಸಿಮೆಂಟು

ಯುಗಾದಿಯ ಮಾರನೆಯ ದಿನ ಹೊಸತೊಡಕು, ಬಾಡೂಟದ ದಿನ. ಮುನಿವೆಂಕಟಪ್ಪನ ರೇಷ್ಮೆ ಹುಳುಮನೆಯ ಮುಂದಿನ ಕಣದಲ್ಲಿ ಬೆಳಗಿನಿಂದಲೇ ಎರಡು ಒಲೆ ಉರಿಯುತ್ತಿದ್ದವು. ಒಂದರ ಮೇಲೆ ಮರಿಯ ಸಾರು, ಇನ್ನೊಂದರ ಮೇಲೆ ಮುದ್ದೆಗೆ ಎಸರು. ಹಿಂದಿನ ವಾರವಷ್ಟೇ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬಂದಿದ್ದರಿಂದ ಹುಳುಮನೆ ಖಾಲಿಯಿತ್ತು. ಒಳಗೆ ಹುಳುಗಳಿದ್ದಿದ್ದರೆ ಅದರ ಬಾಗಿಲಲ್ಲಿ ಹೊಗೆ ಎಬ್ಬಿಸಲು ಅವನು ಯಾರನ್ನೂ ಬಿಡುತ್ತಿರಲಿಲ್ಲ. ಬೇರೆ ವರ್ಷಗಳಲ್ಲಿ ಮನೆಮಂದಿಗೆ ಆಗುವಷ್ಟು ಬಾಡು ತಂದು ಸುಮ್ಮನಾಗುತ್ತಿದ್ದವನು ಈ ಸಲ ಇಡೀ ಮರಿಯನ್ನೇ ಕುಯ್ಯಿಸಿದ್ದ. ಮಗಳು ತನುಜಳಿಗೆ ಹಲ್ಲು ಕೊಟ್ಟವರಿಗೆಲ್ಲ ಊಟ ಹಾಕಬೇಕೆಂಬುದು ಅವನ ಆಸೆ.

ಹಲ್ಲು ಕೊಟ್ಟವರು ಎಂದರೆ ಕಿತ್ತು ಕೊಟ್ಟವರಲ್ಲ. ತನುಜ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಹಲ್ಲಿನ ಡಾಕ್ಟರಿಕೆಯಲ್ಲಿ ಮೇಲ್ಮಟ್ಟದ ಓದು ಓದುತ್ತಿದ್ದಳು. ಆ ಓದು ಮುಗಿಯಬೇಕಾದರೆ ತಾನೇ ಏನಾದರೂ ಪರೀಕ್ಷೆ ಮಾಡಿ ನೋಡಿ ಪ್ರಬಂಧ ಬರೆಯಬೇಕು. ಹುಳುಕು ಹಲ್ಲಿನ ಕುಳಿಗೆ ತುಂಬುವ ಎರಡು ಬಗೆಯ ರೆಸಿನ್ನುಗಳಲ್ಲಿ ಯಾವುದು ಚೆನ್ನಾಗಿ ತಾಳುತ್ತದೆ ಎಂಬುದನ್ನು ಅವಳು ಆರಿಸಿಕೊಂಡಿದ್ದಳು. ಒಂದು ಹೊರದೇಶದಿಂದ ಬರುವುದು, ಇನ್ನೊಂದು ಇಲ್ಲಿಯೇ ತಯಾರಾಗುವುದು. ಎರಡೂ ಹಲ್ಲಿನ ಬಣ್ಣದ್ದೇ. ಎರಡನ್ನೂ ಹಿಟ್ಟಿನಂತೆ ಕುಳಿಗೆ ಒತ್ತಿ, ನೀಲಿ ಬೆಳಕು ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ಇಬ್ಬರು ಬೇರೆ ಬೇರೆ ಮನುಷ್ಯರ ಬಾಯಲ್ಲಿಟ್ಟು ಹೋಲಿಸಿದರೆ ಒಬ್ಬನ ಊಟ ಬೇರೆ, ಇನ್ನೊಬ್ಬನ ಕಚ್ಚು ಬೇರೆ ಎಂಬ ತಕರಾರು ಬರುತ್ತದೆ. ಅದಕ್ಕೇ ಎರಡೂ ಕಡೆಯ ಕೆಳದವಡೆಯಲ್ಲಿ ಹುಳುಕಿರುವವರನ್ನು ಹುಡುಕಿ, ಒಂದೇ ಬಾಯಲ್ಲಿ ಬಲಗಡೆಗೆ ಒಂದು, ಎಡಗಡೆಗೆ ಇನ್ನೊಂದು ತುಂಬಿ, ವರ್ಷ ಬಿಟ್ಟು ನೋಡುವುದೆಂದು ಗೊತ್ತುಮಾಡಿಕೊಂಡಿದ್ದಳು.

"ನಮ್ಮ ಆಸ್ಪತ್ರೆಗೆ ಬರೋರು ನೋವು ನಿಂತ್ಮೇಲೆ ಮುಖ ತೋರಿಸಲ್ಲ ತನುಜ," ಎಂದಿದ್ದರು ಅವಳ ಗೈಡ್ ವಜೀರುನ್ನೀಸಾ ಮೇಡಂ. ಚಿಂತಾಮಣಿಯವರು, ವಾರವೆಲ್ಲ ಕಾಲೇಜಿನಲ್ಲಿದ್ದು ಭಾನುವಾರ ತಮ್ಮೂರಿನ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. "ವರ್ಷ ಆದ್ಮೇಲೆ ಕರೆದ್ರೆ ಬಂದು ಬಾಯಿ ತೆಗೆಯೋ ಜನ ಬೇಕು ನಿನಗೆ. ಎಲ್ಲಿಂದ ತರ್ತೀಯ?"

ಊರಿಗೆ ಬಂದು ಇದನ್ನು ಹೇಳಿದಾಗ ಮುನಿವೆಂಕಟಪ್ಪ ಸೊಪ್ಪು ಕತ್ತರಿಸುತ್ತಿದ್ದವನು ಮಚ್ಚು ಕೆಳಗಿಟ್ಟು, "ಯಾಕೆ, ನಮ್ಮೂರಲ್ಲಿ ಇಲ್ವೇನಮ್ಮ ಬಾಯಿ?" ಅಂದಿದ್ದ.

ಹಾಗೆ ಹೋದ ವರ್ಷ, ಒಂದು ಬೆಳೆ ಇಳಿದು ಇನ್ನೊಂದಕ್ಕೆ ಮೊಟ್ಟೆ ತರುವ ನಡುವೆ, ಹುಳುಮನೆಯೇ ಆಸ್ಪತ್ರೆಯಾಯಿತು. ಹುಳ ಸಾಕುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನೆಲ್ಲ ಹೊರಗಿಟ್ಟು, ಬ್ಲೀಚಿಂಗ್ ಪುಡಿಯಲ್ಲಿ ನೆಲ ತೊಳೆಸಿದರು. ಸಾದಲಿಯ ಸಲೂನಿನಿಂದ ಹಿಂದಕ್ಕೆ ಬಾಗುವ ಕುರ್ಚಿ ಬಂತು. ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಶಾಮಿಯಾನದವನ ಜನರೇಟರು ಬಂತು. ತನುಜಳ ಕೈಯಲ್ಲಿದ್ದ ಗನ್ನಿನ ನೀಲಿ ಬೆಳಕು ಕಿಟಕಿಯ ಜಾಲರಿಯಿಂದ ಕಂಡಾಗಲೆಲ್ಲ ಹೊರಗೆ ಸರದಿಯಲ್ಲಿ ಕೂತಿದ್ದ ಗಂಗುಲಪ್ಪ, "ವೆಲ್ಡಿಂಗ್ ಮಾಡ್ತಾವ್ಳೆ ಕಣ್ರೋ, ಕಣ್ಣು ಮುಚ್ಕಳಿ," ಎನ್ನುತ್ತಿದ್ದ. ಗಂಗುಲಪ್ಪ ಪಕ್ಕದ ತೋಟದವನು, ಮಾತಿಗೆ ಮೊದಲಿಗ. ಆ ದಿನಗಳಿಂದ ಊರಿನ ಬಾಯಲ್ಲಿ ರೆಸಿನ್ ಎಂಬುದು ಸಿಮೆಂಟು ಆಯಿತು. ಎರಡು ಕಡೆಗೂ ಬೇರೆ ಬೇರೆ ಸಿಮೆಂಟು ಹಾಕುತ್ತೇನೆ, ಯಾವ ಕಡೆಗೆ ಯಾವುದು ಎಂದು ಮಾತ್ರ ಹೇಳುವುದಿಲ್ಲ ಎಂದು ತನುಜ ಪ್ರತಿಯೊಬ್ಬರಿಗೂ ತಿಳಿಸಿಯೇ ಬಾಯಿ ಮುಟ್ಟಿದ್ದಳು. ಸಾಮಾನು ಕಲಸಿಹೋಗಬಾರದೆಂದು ತನ್ನ ಅನುಕೂಲಕ್ಕೆ ಎಲ್ಲರಿಗೂ ಬಲಕ್ಕೆ ಹೊರಗಿನದು, ಎಡಕ್ಕೆ ಇಲ್ಲಿನದು ಎಂದೇ ಇಟ್ಟುಕೊಂಡಿದ್ದಳು.

ವರ್ಷ ಕಳೆದು, ಯುಗಾದಿಗೆ ಮುಂಚೆ ಅದೇ ಹುಳುಮನೆಯಲ್ಲಿ ಮತ್ತೆ ಎಲ್ಲರನ್ನೂ ಕೂರಿಸಿ ಬಾಯಿ ನೋಡಿದಾಗ ಬಂದ ಫಲ ಅವಳನ್ನೇ ಬೆರಗುಗೊಳಿಸಿತ್ತು. ಬಲಗಡೆಯ ತುಂಬಿಕೆಗಳು ನಿನ್ನೆ ಹಾಕಿದಂತಿದ್ದವು. ಅವಳು ಉಪಕರಣದ ತುದಿಯಿಂದ ಕೆತ್ತಿದ್ದ ಸಣ್ಣ ಗೆರೆಗಳೂ ಅಳಿಸಿರಲಿಲ್ಲ. ಎಡಗಡೆಯವು ಸವೆದು ತಗ್ಗಾಗಿದ್ದವು. ಕೆಲವುಗಳ ಅಂಚು ಮುರಿದಿತ್ತು, ಕೆಲವುಗಳ ಸುತ್ತ ಕಂದು ಗೆರೆ ಎದ್ದಿತ್ತು. ಯಾರಿಗೂ ನೋವಿರಲಿಲ್ಲ. ಕೇಳಿದಾಗಲೆಲ್ಲ ಎಲ್ಲರೂ ಬಾಯಿ ತೆರೆದಂತೆಯೇ ತಲೆಯಾಡಿಸಿ ಇಲ್ಲವೆಂದಿದ್ದರು. ಬಲಗಡೆಯ ಹಲ್ಲುಗಳ ಬುಡದಲ್ಲಿ ಮಾತ್ರ ಹಳದಿ ಕಿಟ್ಟ ಕಟ್ಟಿಕೊಂಡಿತ್ತು. ಇವರು ಬಲಗಡೆ ಸರಿಯಾಗಿ ಉಜ್ಜುವುದಿಲ್ಲವೆಂದುಕೊಂಡು ಅವಳು ಮುಂದಕ್ಕೆ ಹೋಗಿದ್ದಳು.

ಚಿಂತಾಮಣಿಗೆ ಹೋಗಿ ಬರೆದುಕೊಂಡದ್ದನ್ನು ಮೇಡಂಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ್ದರು. "ಇಷ್ಟು ವ್ಯತ್ಯಾಸ ನಾನು ಎಲ್ಲೂ ನೋಡಿಲ್ಲ. ನಿನ್ನ ಕೈ ಎರಡು ಕಡೆಗೂ ಒಂದೇ ಥರ ಕೆಲಸ ಮಾಡಿದೆಯಾ? ಬೆಳಕು ಸರಿಯಾಗಿ ಬಿತ್ತಾ?"

"ಆಣೆ ಮಾಡ್ತೀನಿ ಮೇಡಂ."

"ಹಾಗಾದ್ರೆ ಬರಿ. ನಾವು ಕಾಲೇಜಿಗೆ ಆ ಎಡಗಡೇದು ತರಿಸೋದು ನಿಲ್ಲಿಸ್ಬೇಕಾಗುತ್ತೆ. ಹಳ್ಳಿ ಕಡೆ ಡಾಕ್ಟರುಗಳು ಅದನ್ನೇ ನೆಚ್ಚಿಕೊಂಡಿದ್ದಾರೆ, ಅವರಿಗೂ ಗೊತ್ತಾಗಬೇಕು."

ಪ್ರಬಂಧ ಒಪ್ಪಿಸಲು ಇನ್ನು ತಿಂಗಳಿತ್ತು. ಒಪ್ಪಿಸಿದರೆ ಪರೀಕ್ಷೆ, ಪರೀಕ್ಷೆಯಾದರೆ ಓದು ಮುಗಿದಂತೆ. ತಪ್ಪಿದರೆ ಮತ್ತೆ ಮೊದಲಿನಿಂದ ಹಲ್ಲು ಹುಡುಕಿ, ತುಂಬಿ, ಇನ್ನೊಂದು ವರ್ಷ ಕಾಯಬೇಕು. ಹೊಸತೊಡಕಿನ ಆ ಬೆಳಿಗ್ಗೆ ತನುಜ ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೆಯ ಲಂಗ ದಾವಣಿಯ ಕಾಲದ ಹುಡುಗಿಯಂತೆ ಕಣದಲ್ಲಿ ಓಡಾಡುತ್ತಿದ್ದುದಕ್ಕೆ ಈ ನೆಮ್ಮದಿಯೇ ಕಾರಣ.

ಮಧ್ಯಾಹ್ನ ಜನ ಬಂದು ಸಾಲಾಗಿ ಕೂತರು. ಗಂಡಸರ ಸಾಲಿನ ಎದುರಿಗೆ ಹೆಂಗಸರ ಸಾಲು. ಮೊದಲಿಗೆ ಮುದ್ದೆ ಬಂತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಹೊರಳಿಸಿ, ನುಂಗುವುದಷ್ಟೇ. ಹುಟ್ಟಿದಾಗಿನಿಂದ ತನುಜ ಈ ಜನರ ಊಟ ನೋಡಿದ್ದಾಳೆ. ಹೋದ ವರ್ಷದಲ್ಲೂ ಊರಿಗೆ ಬಂದಾಗ ಅವರ ಮನೆಗಳಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡಿದ್ದಾಳೆ. ವಿಶೇಷವೇನೂ ಕಂಡಿರಲಿಲ್ಲ.

ಅವಳ ತಾಯಿ ವರಲಕ್ಷ್ಮಮ್ಮ ಬಾಡಿನ ಪಾತ್ರೆಯನ್ನು ಅವಳ ಕೈಗೆ ಕೊಟ್ಟು, "ನೀನೇ ಬಡಿಸಮ್ಮ, ನಿನ್ನ ಜನ," ಅಂದಳು. ತನುಜ ಒಂದು ತುದಿಯಿಂದ ಬಡಿಸುತ್ತ ಇನ್ನೊಂದು ತುದಿ ಮುಟ್ಟಿ, ಸೊಂಟ ನೆಟ್ಟಗೆ ಮಾಡಿ ಹಿಂತಿರುಗಿ ನೋಡಿದಳು.

ಗಂಡಸರ ಸಾಲಿನಲ್ಲಿ ಎಲ್ಲರ ತಲೆಯೂ ಎಡಕ್ಕೆ ವಾಲಿತ್ತು. ಗಾಳಿಗೆ ಒಂದೇ ಕಡೆ ಬಾಗಿದ ಹಿಪ್ಪುನೇರಳೆಯ ಸಾಲಿನಂತೆ. ಒಬ್ಬೊಬ್ಬರ ಎಡಗೆನ್ನೆಯೂ ಉಬ್ಬಿ, ಇಳಿದು, ಉಬ್ಬುತ್ತಿತ್ತು. ಬಲಗೆನ್ನೆ ಕಲ್ಲಿನಲ್ಲಿ ಕಡೆದಂತೆ ಅಲುಗದೆ ನಿಂತಿತ್ತು. ಅವಳು ಹೆಂಗಸರ ಸಾಲಿಗೆ ತಿರುಗಿದಳು. ಅಲ್ಲಿಯೂ ಹಾಗೆಯೇ. ಒಬ್ಬಳು ಮೂಳೆಯನ್ನು ಬಾಯಿಗಿಟ್ಟವಳು ಅದು ಬಲಕ್ಕೆ ಜಾರಿದೊಡನೆ ಬೆರಳು ಹಾಕಿ ತೆಗೆದು, ಎಡಕ್ಕೆ ಇಟ್ಟುಕೊಂಡು ಕಡಿದಳು.

ಹತ್ತಿರವಿದ್ದವನು ಗಂಗುಲಪ್ಪ.

"ಗಂಗುಲಪ್ಪ ಮಾವ, ಯಾಕೆ ಒಂದೇ ಕಡೆ ಅಗೀತಿದೀಯ? ಬಲಗಡೆ ನೋವೈತಾ?"

"ನೋವಾ?" ಗಂಗುಲಪ್ಪ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದ. "ನೋವು ಎಲ್ಲಿಂದ ಬರ್ತೈತಮ್ಮ? ಅದಕ್ಕೆ ಕೆಲಸಾನೇ ಕೊಟ್ಟಿಲ್ವಲ್ಲ ನಾನು."

"ಅಂದ್ರೆ?"

"ಫಾರಿನ್ ಸಿಮೆಂಟು ಕಣಮ್ಮ. ಅದರ ಮೇಲೆ ಮೂಳೆ ಕಡಿಯಕ್ಕಾಗ್ತದಾ?" ಅವನು ಬಾಯಿ ಅಗಲಿಸಿ ಬಲದವಡೆಯನ್ನು ಬೆರಳಿನಿಂದ ತೋರಿಸಿದ. "ನೋಡು, ನೀನು ಹಾಕ್ದಾಗ ಹೆಂಗಿತ್ತೋ ಹಂಗೇ ಮಡಗಿದೀನಿ. ಗೌರಿಬಿದನೂರಲ್ಲಿ ನಮ್ಮುಡುಗಿ ಮಾವನ ಮನೇಲಿ ಚಕ್ಲಿ ಕೊಟ್ರು. ಒಂದೇ ಕಡೆ ಕಡೀತಾ ಇದ್ರೆ, ಏನ್ ಬೀಗ್ರೇ, ಗದ್ದಕಟ್ಟು ಆಗೈತಾ ಅಂತವ್ರೆ! ನಮ್ಮ ಡಾಕ್ಟ್ರಮ್ಮನ ಪರೀಕ್ಷೆ ಮುಗಿಯೋಗಂಟ ಇಂಗೇನೇ ಅಂದೆ."

ಸಾಲೆಲ್ಲ ನಕ್ಕಿತು. ಎದುರು ಸಾಲಿನಿಂದ ಅಕ್ಕಯ್ಯಮ್ಮ ಕೈ ಎತ್ತಿದಳು. ಮುನಿವೆಂಕಟಪ್ಪನ ಅಕ್ಕ, ತನುಜಳಿಗೆ ಸೋದರತ್ತೆ. "ಅವನ್ದೇನು ಮಹಾ ಬಿಡೇ. ನಾನು ಒಂದು ಅನ್ನದಗುಳು ಆ ಕಡೆಗೆ ಹೋಗಕ್ಕೆ ಬಿಟ್ಟಿಲ್ಲ. ನೀರೂ ಈ ಕಡೆಯಿಂದ್ಲೇ."

"ನೀನು ಸುಳ್ಳು ಹೇಳ್ಬೇಡ ಅಕ್ಕಯ್ಯಮ್ಮ, ಮೊನ್ನೆ ಸಂತೇಲಿ ಕಬ್ಬು ತಿಂದಿದ್ದು ನೋಡಿದೀನಿ," ಯಾರೋ ರೇಗಿಸಿದರು.

"ಥೂ, ನಿನ್ನ ಕಣ್ಣಿಗಿಷ್ಟು! ಕಬ್ಬು ಈ ಕಡೇಲೇ ಸಿಗಿದಿದ್ದು ಕಣೋ ನಾನು."

ತಾನು ಕಾಪಾಡಿದ್ದು ಹೆಚ್ಚು, ನೀನು ಕಾಪಾಡಿದ್ದು ಕಡಿಮೆ ಎಂದು ಅವರು ತಮಾಷೆಗೆ ಜಗಳವಾಡತೊಡಗಿದರು. ಒಳ್ಳೆಯ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಹೆಂಗಸರ ಹೆಮ್ಮೆ ಅವರ ಮುಖಗಳಲ್ಲಿತ್ತು. ಬಾಡಿನ ಸಾರು ಪಾತ್ರೆಯ ಅಂಚಿನಿಂದ ತುಳುಕಿ ತನುಜಳ ಪಾದದ ಮೇಲೆ ಬಿತ್ತು. ಸುಟ್ಟಿದ್ದೂ ತಿಳಿಯಲಿಲ್ಲ. ಅಳಿಸದೆ ಉಳಿದಿದ್ದ ಆ ಗೆರೆಗಳು, ಬಲಗಡೆಯ ಹಳದಿ ಕಿಟ್ಟ, ಎರಡೂ ಕಣ್ಣ ಮುಂದೆ ಬಂದು ನಿಂತವು. ಅಗಿಯುವ ಕಡೆ ಕಿಟ್ಟ ಕಟ್ಟುವುದಿಲ್ಲ, ಊಟವೇ ಅದನ್ನು ಉಜ್ಜಿಹಾಕುತ್ತದೆ ಎಂಬುದು ಮೊದಲ ವರ್ಷದ ಪಾಠ. ಅಷ್ಟೂ ಬಾಯಿಗಳಲ್ಲಿ ಅದನ್ನು ನೋಡಿಯೂ ಅವಳು ನೋಡಿರಲಿಲ್ಲ.

"ಬಲಗಡೇದು ಫಾರಿನ್ದು ಅಂತ ನಿಮಗೆ ಯಾರು ಹೇಳಿದ್ದು?" ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

ಎಲ್ಲರೂ ಒಲೆಯ ಕಡೆ ನೋಡಿದರು. ಅಲ್ಲಿ ಮುನಿವೆಂಕಟಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, ಹಬ್ಬದ ಮನೆಯ ಯಜಮಾನನ ನಗೆ ನಗುತ್ತ ನಿಂತಿದ್ದ.

ತನುಜ ಪಾತ್ರೆಯನ್ನು ತಾಯಿಯ ಕೈಗೆ ಕೊಟ್ಟು ಹುಳುಮನೆಯೊಳಗೆ ಹೋದಳು. ಹಿಂದೆಯೇ ಅವನೂ ಬಂದ.

"ಯಾಕಮ್ಮ, ಕಾಲು ಸುಟ್ಕೊಂಡೇನು?"

"ಅಪ್ಪ, ಅವರಿಗೆ ಯಾಕೆ ಹೇಳ್ದೆ?"

"ಏನು ಹೇಳ್ದೆ? ಓ, ಅದಾ. ನೀನೇ ಅಲ್ವೇನಮ್ಮ ನಿಮ್ಮಮ್ಮನ ಹತ್ರ ಅಂದಿದ್ದು, ಬಲಗಡೆಗೆ ಹಾಕಿರೋದು ಫಾರಿನ್ದು, ಅದು ಎಷ್ಟು ದಿನ ತಾಳ್ತದೆ ನೋಡ್ಬೇಕು ಅಂತ? ಅದು ತಾಳಿದ್ರೆ ನೀನು ಪಾಸು ಅಂದ್ಕೊಂಡೆ. ಮನೆಮನೆಗೂ ಹೋಗಿ ಹೇಳ್ಬಂದೆ, ಬಲಗಡೆ ಹುಷಾರಪ್ಪಾ, ನಮ್ಮುಡುಗಿ ಓದು ಅದರ ಮೇಲೈತೆ ಅಂತ. ಒಬ್ಬರಾದ್ರೂ ಮಾತು ತಪ್ಪಿದಾರಾ ನೋಡು!"

ಆ ಮಾತು ತಾನು ಯಾವಾಗ ಆಡಿದ್ದು ಎಂದು ತನುಜ ನೆನೆಸಿಕೊಂಡಳು. ಕ್ಯಾಂಪು ಮುಗಿದ ದಿನ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತ, ತಾಯಿ ಕೇಳಿದ್ದಕ್ಕೆ. ರೋಗಿಗಳಿಗೆ ಹೇಳಬಾರದೆಂಬುದು ನೆನಪಿತ್ತು. ಮನೆಯವರಿಗೆ ಹೇಳಿದರೆ ಊರಿಗೆ ಹೇಳಿದಂತೆಯೇ ಎಂಬುದು ಹೊಳೆದಿರಲಿಲ್ಲ.

ಬಯ್ಯಲು ಬಾಯಿ ತೆರೆದವಳು ಅವನ ಮುಖ ನೋಡಿದಳು. ಗೋಡೆಗೆ ಒರಗಿಸಿದ್ದ ತಟ್ಟೆಗಳ ಕಡೆ ಕೈ ತೋರಿದಳು.

"ಅಪ್ಪ, ಹೋದ್ವರ್ಷ ಸಿ.ಬಿ. ಹುಳ, ಬೈವೋಲ್ಟೀನ್ ಹುಳ ಎರಡೂ ಒಟ್ಟಿಗೆ ಸಾಕಿದ್ಯಲ್ಲ, ಯಾವ ತಳಿ ಚೆನ್ನಾಗಿ ಗೂಡು ಕಟ್ಟುತ್ತೆ ನೋಡಣ ಅಂತ. ಹೆಂಗೆ ಸಾಕ್ದೆ?"

"ಹೆಂಗೆ ಅಂದ್ರೆ? ಒಂದೇ ಮನೆ, ಒಂದೇ ತೋಟದ ಸೊಪ್ಪು, ಒಂದೇ ಹೊತ್ತು. ಇಲ್ದಿದ್ರೆ ಯಾವುದು ಮೇಲು ಅಂತ ಹೆಂಗೆ ಗೊತ್ತಾಗ್ತದೆ?"

"ಬೈವೋಲ್ಟೀನ್ ತಟ್ಟೆ ನೆರಳಲ್ಲಿಟ್ಟು, ಸಿ.ಬಿ. ತಟ್ಟೆ ಬಿಸಿಲಿಗೆ ಇಟ್ಟಿದ್ರೆ?"

"ಬಿಸಿಲಿಗೆ ಇಟ್ರೆ ಹುಳ ಸಾಯ್ತವೆ."

"ಆಮೇಲೆ ಬೈವೋಲ್ಟೀನೇ ಒಳ್ಳೇದು, ಸಿ.ಬಿ. ಬ್ಯಾಡ ಅಂತ ಎಲ್ಲ ರೈತರಿಗೂ ಬರೆದು ಹಂಚಿದ್ರೆ?"

ಹೊರಗಿನ ನಗು, ಎಲೆಯ ಸದ್ದು ಜಾಲರಿಯಿಂದ ಬರುತ್ತಿತ್ತು. ಮುನಿವೆಂಕಟಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುಖದ ಬಣ್ಣ ಇಳಿಯುವುದನ್ನು ತನುಜ ನೋಡಿದಳು. ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಂಬ ಹಿಡಿದು ಅವನು ನೆಲದ ಮೇಲೆ ಕುಕ್ಕರಿಸಿದ.

"ನಾನು ಸಿ.ಬಿ. ತಟ್ಟೆ ಬಿಸಿಲಿಗೆ ಇಟ್ಬುಟ್ಟೆನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಆ ಎಡಗಡೇದು... ಅದು ಕೆಟ್ಟದ್ದೇನಲ್ವಾ ಹಂಗಾದ್ರೆ?"

"ಗೊತ್ತಿಲ್ಲ ಅಪ್ಪ. ಎರಡು ಕಡೆ ಕೆಲಸಾನೂ ಅದೊಂದೇ ಮಾಡೈತೆ. ಒಳ್ಳೇದೋ ಕೆಟ್ಟದ್ದೋ ಯಾವುದೂ ಗೊತ್ತಿಲ್ಲ ಈಗ."

"ನಿನ್ನ ಪರೀಕ್ಷೆ?"

ತನುಜ ಜಾಲರಿಯ ಕಡೆ ತಿರುಗಿದಳು. ಮುನಿವೆಂಕಟಪ್ಪ ತಲೆ ಎತ್ತದೆಯೇ ಅಂದ: "ನಮ್ಮಕ್ಕಂಗೆ ನೋವೈತೆ ಕಣಮ್ಮ. ಸಂಕ್ರಾಂತಿಯಿಂದ."

"ಏನು?"

"ಎಡಗಡೆ. ನಾನೇ ಹೇಳ್ಬೇಡ ಅಂದೆ. ನೋವಂದ್ರೆ ಹಾಕಿದ ಕೈ ಸರಿಯಿಲ್ಲ ಅಂತಾರೆ, ಹುಡುಗಿಗೆ ಕೆಟ್ಟೆಸ್ರು, ಪರೀಕ್ಷೆ ಮುಗೀಲಿ ಅಂತ..."

ತನುಜ ಹೊರಗೆ ಓಡಿದಳು. ಅಕ್ಕಯ್ಯಮ್ಮ ಉಂಡು ಕೈ ತೊಳೆದು ಹುಣಸೆಮರದ ಕೆಳಗೆ ಕೂತಿದ್ದಳು. ಅವಳನ್ನು ಬಿಸಿಲಿಗೆ ತಿರುಗಿಸಿ, ಗಲ್ಲ ಹಿಡಿದು ಬಾಯಿ ತೆರೆಸಿದಳು. ಎಡಗಡೆಯ ತುಂಬಿಕೆ ಅರ್ಧ ಹೋಗಿತ್ತು. ಉಳಿದುದರ ಅಂಚಿನಲ್ಲಿ ಹುಳುಕು ಒಳಕ್ಕೆ ಇಳಿದಿತ್ತು. ವಸಡಿನಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ, ಅದರ ತುದಿಯಲ್ಲಿ ಕೀವು. ಲವಂಗದ ವಾಸನೆ ಬಂತು. ಗುಳ್ಳೆ ಹೊಸದಿರಬೇಕು. ಆದರೆ ಒಂದು ವಾರದ ಹಿಂದೆ ಇದೇ ಹಲ್ಲನ್ನು ಕನ್ನಡಿಯ ಹಿಡಿಯಿಂದ ತಟ್ಟಿ ಕೇಳಿದ್ದಳು. ಅತ್ತೆ ರೆಪ್ಪೆ ಮಿಟುಕಿಸದೆ ಇಲ್ಲವೆಂದು ತಲೆಯಾಡಿಸಿದ್ದಳು.

"ಅತ್ತೆ, ಅವತ್ತು ತಟ್ಟಿದಾಗ ನೋವಾಗ್ಲಿಲ್ವಾ?"

"ಆಯ್ತು."

"ಮತ್ತೆ?"

"ಕುರ್ಚಿ ಕೈ ಹಿಡ್ಕೊಂಡಿದ್ನಲ್ಲ," ಅಂದಳು ಅಕ್ಕಯ್ಯಮ್ಮ, ತನ್ನ ಜಾಣತನಕ್ಕೆ ಸಣ್ಣಗೆ ನಕ್ಕು. "ಬಲಗಡೆ ನೋಡೇ. ಅದು ಚೆನ್ನಾಗೈತಲ್ಲ?"

ತನುಜ ಅವಳ ಗಲ್ಲ ಬಿಟ್ಟಳು. ಅವಳು ಬಲಗಡೆಯನ್ನು ನೋಡಲೇ ಇಲ್ಲವೆಂದು ಅಕ್ಕಯ್ಯಮ್ಮ ಆಗಲೇ ಹೆದರಿದ್ದು. "ಏನಾಯ್ತೇ? ನಾನೇನು ತಪ್ಪು ಮಾಡ್ದೆ?"

ಮುಂದಿನ ಭಾನುವಾರ ತನುಜ ಅತ್ತೆಯನ್ನು ಕರೆದುಕೊಂಡು ಚಿಂತಾಮಣಿಗೆ ಹೊರಟಳು. ಜೊತೆಗೆ ಮುನಿವೆಂಕಟಪ್ಪನೂ ಬಂದ. ಬೇಡವೆಂದರೂ ಕೇಳಲಿಲ್ಲ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿದರು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ತನುಜ ಹೇಳಬೇಕಾದುದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಜೋಡಿಸಿದಂತೆಲ್ಲ ಹೇಳದಿದ್ದರೂ ಆಗುತ್ತದೆ ಎಂಬುದೂ ಅದರ ಪಕ್ಕದಲ್ಲೇ ಬಂದು ಕೂರುತ್ತಿತ್ತು. ಅತ್ತೆಯ ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿಸಿದರೆ ಮುಗಿಯಿತು. ಎಡಗಡೆಯದು ಸೋತಿತು ಎಂಬುದಕ್ಕೆ ಅದೂ ಒಂದು ಸಾಕ್ಷಿಯೇ ಆಗುತ್ತದೆ.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೇಡಂ ಕ್ಲಿನಿಕ್ಕು. ಅವರು ಅಕ್ಕಯ್ಯಮ್ಮನನ್ನು ಕುರ್ಚಿಯಲ್ಲಿ ಒರಗಿಸಿ ದೀಪ ಎಳೆದು ಬಾಯೊಳಗೆ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕನ್ನಡಿಯನ್ನು ಬಲಗಡೆಯ ಕಿಟ್ಟದ ಮೇಲೆ ಹಿಡಿದು ತಡೆದರು.

"ಅಮ್ಮ, ಊಟ ಯಾವ ಕಡೆ ಮಾಡ್ತೀರಿ?"

ಅಕ್ಕಯ್ಯಮ್ಮ ತನುಜಳ ಕಡೆ ಕಣ್ಣು ಹೊರಳಿಸಿದಳು, ಹೇಳಲೋ ಬೇಡವೋ ಎಂದು.

"ಎಲ್ಲರೂ ಎಡಗಡೇನೇ ಮೇಡಂ," ಅಂದಳು ತನುಜ. "ಇಡೀ ವರ್ಷ. ಎಲ್ಲರೂ."

ಆಮೇಲೆ ಮಾತು ತಾನಾಗಿಯೇ ಬಂತು. ಹೊಸತೊಡಕಿನ ಸಾಲು, ಫಾರಿನ್ ಎಂಬ ಮಾತು, ಅದು ಹೊರಬಿದ್ದ ಹೊಸ್ತಿಲು, ನೋವನ್ನು ಮುಚ್ಚಿಟ್ಟದ್ದು. ಮುನಿವೆಂಕಟಪ್ಪ ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ. ವಜೀರುನ್ನೀಸಾ ಮೇಡಂ ಕೈಯ ಗ್ಲೌಸು ತೆಗೆಯಲು ಹೊರಟವರು ಅರ್ಧಕ್ಕೆ ಬಿಟ್ಟರು.

"ಯಾ ಅಲ್ಲಾ," ಅಂದರು. ಆಮೇಲೆ, "ನಾನು ಇದನ್ನ ಹೈದರಾಬಾದಿನ ಸಭೆಗೆ ಕಳಿಸೋಣ ಅಂತಿದ್ದೆ. ಆ ಎಡಗಡೇದನ್ನ ನಿಲ್ಲಿಸಿ ಅಂತ ಕಾಲೇಜಿನ ಸ್ಟೋರಿನವರಿಗೆ ಹೇಳಿಯೂ ಬಿಟ್ಟಿದ್ದೀನಿ." ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. "ಎಲ್ಲರಿಗೂ ಬಲಕ್ಕೆ ಒಂದೇ ಯಾಕೆ ಇಟ್ಟೆ? ಚೀಟಿ ಎತ್ತಿ ಹಾಕ್ಬೇಕಿತ್ತು. ಒಬ್ಬರಿಗೆ ಬಲಕ್ಕೆ, ಒಬ್ಬರಿಗೆ ಎಡಕ್ಕೆ."

"ಸುಲಭ ಆಗುತ್ತೆ ಅಂತ ಮೇಡಂ."

"ನಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು." ಅವರು ಮುನಿವೆಂಕಟಪ್ಪನನ್ನು ನೋಡಿದರು, ಮತ್ತೆ ತನುಜಳನ್ನು. ದನಿಯಲ್ಲಿ ಏರಿಳಿತವಿರಲಿಲ್ಲ. "ಪರೀಕ್ಷಕರು ಯಾರೂ ನಿಮ್ಮ ಹಳ್ಳಿಗೆ ಬಂದು ಊಟಕ್ಕೆ ಕೂರಲ್ಲ. ಅದು ನಿನಗೆ ಗೊತ್ತು."

"ಗೊತ್ತು ಮೇಡಂ."

"ಹೇಳು ಹಾಗಾದ್ರೆ, ಏನು ಮಾಡೋಣ?"

ಬಾಗಿಲಿನಿಂದ ಮುನಿವೆಂಕಟಪ್ಪ, "ತಾಯಿ, ತಪ್ಪು ನಂದು. ಹುಡುಗೀದಲ್ಲ. ಅವಳ ಓದು..." ಎಂದು ಶುರುಮಾಡಿದ.

"ಇದು ಒಪ್ಪಿಸೋಕಾಗಲ್ಲ ಮೇಡಂ," ಅಂದಳು ತನುಜ. "ಮತ್ತೆ ಹಾಕ್ತೀನಿ. ಚೀಟಿ ಎತ್ತಿ. ವರ್ಷ ಆದ್ಮೇಲೆ ನನ್ನ ಬದಲು, ಯಾವ ಕಡೆಗೆ ಯಾವುದು ಅಂತ ಗೊತ್ತಿಲ್ಲದೋರು ಯಾರಾದ್ರೂ ನೋಡ್ಲಿ."

"ವರ್ಷ ಹೋಗುತ್ತೆ."

"ಹೂಂ."

ಮೇಡಂ ಎದ್ದು ಹೊಸ ಗ್ಲೌಸು ತೊಟ್ಟುಕೊಂಡರು. "ಮೊದಲು ಈ ಹಲ್ಲು. ಮರಗಟ್ಟಿಸೋ ಇಂಜೆಕ್ಷನ್ ಕೊಡು."

ಇಂಜೆಕ್ಷನ್ನಿಗೆ ಅಕ್ಕಯ್ಯಮ್ಮನ ಎಡಗೆನ್ನೆ ಜೋಮು ಹಿಡಿಯಿತು. ಹಲ್ಲು ತೆರೆದು, ಕೀವು ತೆಗೆದು, ತಾತ್ಕಾಲಿಕವಾಗಿ ಮುಚ್ಚಿ, ಮತ್ತೆ ಎರಡು ಸಲ ಬರಬೇಕೆಂದರು. ಹೊರಡುವಾಗ ಅಕ್ಕಯ್ಯಮ್ಮನ ಭುಜ ಮುಟ್ಟಿ, "ಈಗ ಕೆಲವು ದಿನ ಬಲಗಡೆ ಊಟ ಮಾಡಿ ಅಮ್ಮ. ಎಡಗಡೆ ಬೇಡ," ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಶಿಡ್ಲಘಟ್ಟದ ಬಸ್ಸು ಇನ್ನೂ ಬಂದಿರಲಿಲ್ಲ. ಯಾರೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮುನಿವೆಂಕಟಪ್ಪ ತಳ್ಳುಗಾಡಿಯಿಂದ ಹುರಿದ ಕಡಲೆಕಾಯಿ ತಂದು ಇಬ್ಬರ ನಡುವೆ ಇಟ್ಟು, ತಾನು ದೂರ ಕಂಬದ ಬಳಿ ನಿಂತ. ಅಕ್ಕಯ್ಯಮ್ಮ ಕಾಯಿ ಸುಲಿದು, ಸಿಪ್ಪೆ ಊದಿ, ಬೀಜವನ್ನು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡವಳು ಅಗಿಯದೆ ಕೂತಳು. ಬೀಜ ಬಲಗೆನ್ನೆಯಲ್ಲಿತ್ತು.

"ಅಗೀಲೇನೇ?"

"ಅಗಿ ಅತ್ತೆ."

"ವರ್ಷ ಆಯ್ತು. ಆ ಕಡೆ ಹೆಂಗೆ ಅಗಿಯೋದು ಅನ್ನೋದೇ ಮರೆತೋಗೈತೆ." ಅವಳು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಕಚ್ಚಿದಳು. ಇನ್ನೊಂದು. ಮುಖ ಸಡಿಲವಾಯಿತು. "ಏನೂ ಆಗ್ಲಿಲ್ಲ ಕಣೇ." ಮತ್ತೆರಡು ಬೀಜ ಹಾಕಿಕೊಂಡಳು. ಹಸಿದಿದ್ದಳು, ಈ ಸಲ ಧಾರಾಳವಾಗಿ ಅಗಿದಳು.

ಕಟ್ ಎಂಬ ಸದ್ದು ತನುಜಳಿಗೂ ಕೇಳಿಸಿತು.

ಅಕ್ಕಯ್ಯಮ್ಮನ ದವಡೆ ನಿಂತಿತು. ಕಣ್ಣು ಅಗಲವಾದವು. ನಾಲಗೆಯಿಂದ ತಡಕಿ, ಬೆರಳು ಹಾಕಿ, ಜಗಿದ ಕಡಲೆಬೀಜದ ನಡುವಿನಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಹಲ್ಲಿನ ಬಣ್ಣದ, ನುಚ್ಚಿನಷ್ಟು ಚೂರು. ಒಂದು ಕಡೆ ನುಣುಪಾಗಿ ಹೊಳೆಯುತ್ತಿತ್ತು, ಮುರಿದ ಕಡೆ ಮಂಕಾಗಿತ್ತು.

ಇಬ್ಬರೂ ಅದನ್ನೇ ನೋಡಿದರು. ಎಡಗಡೆಯದು ವರ್ಷವಿಡೀ ಎರಡು ಕಡೆಯ ಕೆಲಸ ಮಾಡಿ ಸವೆದಿತ್ತು. ಇದು ಒಂದು ಹಿಡಿ ಕಡಲೆಕಾಯಿಗೆ ಒಡೆದಿತ್ತು. ಒಂದು ಚೂರಿನಿಂದ ಏನನ್ನೂ ಹೇಳಲಾಗದೆಂದು ತನುಜಳಿಗೆ ತಿಳಿದಿತ್ತು.

ಅಕ್ಕಯ್ಯಮ್ಮ ಅಂಗೈ ಮುಚ್ಚಿದಳು. ಸುತ್ತ ನೋಡಿದಳು. ಕಂಬದ ಬಳಿಯಿದ್ದ ತಮ್ಮ ಬೆನ್ನು ತಿರುಗಿಸಿ ನಿಂತಿದ್ದ.

"ಯಾರಿಗೂ ಹೇಳಲ್ಲ ಬಿಡು," ಎಂದು ಪಿಸುಗುಟ್ಟಿದಳು. "ನಿಮ್ಮಪ್ಪಂಗೂ ಹೇಳಲ್ಲ. ಆ ಮೇಡಮ್ಮಂಗೂ ಗೊತ್ತಾಗಲ್ಲ. ಎಸೆದುಬುಡ್ಲಾ?"

ತನುಜ ಅತ್ತೆಯ ಮುಷ್ಟಿಯನ್ನು ಹಿಡಿದು ಬೆರಳು ಬೆರಳಾಗಿ ಬಿಡಿಸಿದಳು. ಚೂರನ್ನು ಕರವಸ್ತ್ರದ ತುದಿಯಲ್ಲಿ ಕಟ್ಟಿಕೊಂಡಳು. ಶಿಡ್ಲಘಟ್ಟದ ಬಸ್ಸು ಒಳಕ್ಕೆ ತಿರುಗುತ್ತಿತ್ತು. ಮುನಿವೆಂಕಟಪ್ಪ ಸೀಟು ಹಿಡಿಯಲು ಅದರ ಹಿಂದೆ ಹೆಜ್ಜೆ ಹಾಕಿದ್ದ.

"ಅಪ್ಪ, ಆ ಬಸ್ಸು ಹೋಗ್ಲಿ ಬಿಡು," ಅವಳು ಕೂಗಿದಳು. "ಮೇಡಂ ಇನ್ನೂ ಇರ್ತಾರೆ. ವಾಪಸ್ ಕ್ಲಿನಿಕ್ಕಿಗೆ ಹೋಗಣ."